ನೋಡಿದ್ದರು, ಕಂಡಿರಲಿಲ್ಲ: 77ರ ಯಜಮಾನರೊಬ್ಬರ ಮರುಪರೀಕ್ಷೆ

ಕಾರಿನ ಎಡಗಡೆ ಹಿಂದಿನ ಬಾಗಿಲ ಮೇಲೆ ಮೂರು ಗೀರುಗಳಿದ್ದವು. ಮೂರೂ ಒಂದೇ ಎತ್ತರದಲ್ಲಿ, ಮೊಣಕಾಲಿಗಿಂತ ಒಂದು ಗೇಣು ಮೇಲೆ. ಒಂದು ಹಳೆಯದು, ಆಗಲೇ ತುಕ್ಕು ಹತ್ತಿತ್ತು. ಉಳಿದೆರಡು ಹೊಸವು. ಮಗ ಅವುಗಳ ಫೋಟೊ ಕಳಿಸಿ, ಆಮೇಲೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಅಪ್ಪ ಇನ್ನು ಗಾಡಿ ಓಡಿಸಬಹುದಾ, ಬೇಡವಾ? ಒಂದು ಸಲ ಕೂತು ನೋಡಿ ಹೇಳಿ."

ನಾನು ಡ್ರೈವಿಂಗ್ ಕಲಿಸುವವನು. ಹೊಸಬರ ಕೈಗೆ ಸ್ಟೇರಿಂಗ್ ಕೊಡುವುದು ನನ್ನ ಕೆಲಸ. ಹಳಬರ ಕೈಯಿಂದ ತೆಗೆಸುವ ಕೆಲಸಕ್ಕೆ ಯಾರಾದರೂ ಕರೆದರೆ ಸಾಮಾನ್ಯವಾಗಿ ನುಣುಚಿಕೊಳ್ಳುತ್ತೇನೆ. ನನ್ನ ಮಾತಿಗೆ ಕಾನೂನಿನ ಬಲ ಇಲ್ಲ. ಬರೀ ಮನೆಯವರ ಜಗಳಕ್ಕೆ ಸಾಕ್ಷಿ ಆಗಬೇಕಾಗುತ್ತದೆ. ಈ ಸಲ ಒಪ್ಪಿಕೊಂಡೆ, ಯಾಕೆಂದರೆ ಯಜಮಾನರೇ ಬರುತ್ತೇನೆ ಅಂದರು. ಬರೆಯುವುದಕ್ಕೂ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ.

ಅವರಿಗೆ 77. ನಲವತ್ತೆಂಟು ವರ್ಷದಿಂದ ಓಡಿಸುತ್ತಿದ್ದಾರೆ. ಒಂದೇ ಒಂದು ಕೇಸಿಲ್ಲ, ದಂಡ ಕಟ್ಟಿಲ್ಲ. ಮಗನಿಗೆ ಭಯ. ಒಂದು ಸಂಜೆ ಅಪ್ಪನ ಪಕ್ಕ ಕೂತಿದ್ದಾಗ ಬೈಕಿನವನೊಬ್ಬ ಗಾಡಿ ಅಡ್ಡ ನಿಲ್ಲಿಸಿ ಬೈದು ಹೋಗಿದ್ದ, ಅದು ಅವನ ತಲೆಯಿಂದ ಇಳಿದಿರಲಿಲ್ಲ. ಮಗಳು ಇನ್ನೊಂದು ಕಡೆ. "ಅಮ್ಮನಿಗೆ ಮಂಡಿ ನೋವು. ಅಪ್ಪ ಕರ್ಕೊಂಡು ಹೋಗದಿದ್ದರೆ ಇಬ್ಬರೂ ಮನೆಯಲ್ಲೇ ಕೊಳೀತಾರೆ" ಅನ್ನುವುದು ಅವಳ ವಾದ. ಅಮ್ಮ ಏನೂ ಹೇಳಲಿಲ್ಲ. ಯಜಮಾನರು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ನೀನು ಹುಟ್ಟೋಕೆ ಮುಂಚೆ ನಾನು ಲಾರಿ ಓಡಿಸಿದ್ದೀನಿ. ನನಗೇ ಟೆಸ್ಟಾ?" ಅಂದರು. ನಗುತ್ತಲೇ ಅಂದರು, ಆದರೆ ನಗು ಕಣ್ಣಿಗೆ ಏರಿರಲಿಲ್ಲ.

ಮಗ ಇಂಟರ್ನೆಟ್ಟಿನಲ್ಲಿ ಓದಿಕೊಂಡೇ ಬಂದಿದ್ದ. 70 ದಾಟಿದ ಮೇಲೆ ಓಡಿಸಿದ ದೂರಕ್ಕೆ ಹೋಲಿಸಿದರೆ ಅಪಘಾತದ ಪ್ರಮಾಣ ಏರುತ್ತದೆ, 85 ದಾಟಿದವರಲ್ಲಿ ತುಂಬಾ ಜಾಸ್ತಿ ಅಂದ. ಅದು ನಿಜ. ಆದರೆ ಆ ಲೆಕ್ಕದೊಳಗೆ ಎರಡು ಗಂಟುಗಳಿವೆ. ಒಂದು, ವಯಸ್ಸಾದವರ ಮೂಳೆ, ಎದೆಗೂಡು ಸಣ್ಣ ಪೆಟ್ಟನ್ನೂ ತಡೆಯುವುದಿಲ್ಲ. ಮೂವತ್ತರವನು ಎದ್ದು ಧೂಳು ಕೊಡವಿಕೊಳ್ಳುವ ಡಿಕ್ಕಿಯಲ್ಲಿ ಎಂಬತ್ತರವರು ಸಾಯುತ್ತಾರೆ. ಹಿರಿಯ ಚಾಲಕರ ಸಾವಿನ ಪ್ರಮಾಣ ಜಾಸ್ತಿ ಇರುವುದಕ್ಕೆ ಈ ನಾಜೂಕು ದೇಹವೇ ದೊಡ್ಡ ಕಾರಣ ಅಂತ ಅಮೆರಿಕದಲ್ಲಿ 2003ರಲ್ಲಿ ಬಂದ ಅಧ್ಯಯನ ತೋರಿಸಿತು. ಅಂದರೆ ಅವರು ಜಾಸ್ತಿ ಗುದ್ದುತ್ತಾರೆ ಅನ್ನುವುದಕ್ಕಿಂತ, ಗುದ್ದಿದಾಗ ತಾವೇ ಜಾಸ್ತಿ ಸಾಯುತ್ತಾರೆ.

ಎರಡನೇ ಗಂಟು ನನಗೆ ಇನ್ನೂ ಇಷ್ಟವಾದದ್ದು. ಕಡಿಮೆ ಓಡಿಸುವವರು ಯಾವ ವಯಸ್ಸಿನವರಾದರೂ ಕಿಲೋಮೀಟರ್ ಲೆಕ್ಕದಲ್ಲಿ ಜಾಸ್ತಿ ಗುದ್ದುತ್ತಾರೆ. ಅವರು ಓಡಿಸುವುದೆಲ್ಲ ಊರೊಳಗೆ, ತಿರುವು, ಸಿಗ್ನಲ್ಲು, ಜನಗಳ ನಡುವೆ. ಹೈವೇಯಲ್ಲಿ ನೂರು ಕಿ.ಮೀ. ಓಡಿಸಿದವನ ಲೆಕ್ಕ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಆ ನೂರರಲ್ಲಿ ಜಂಕ್ಷನ್ನೇ ಇರುವುದಿಲ್ಲ. ನೆದರ್ಲೆಂಡ್ಸ್ ಚಾಲಕರ ಮಾಹಿತಿ ಇಟ್ಟುಕೊಂಡು 2006ರಲ್ಲಿ ಸಂಶೋಧಕರು ನೋಡಿದಾಗ, ಹಿರಿಯರಲ್ಲಿ ಅಪಾಯ ಏರಿದ್ದು ಕಂಡದ್ದು ವರ್ಷಕ್ಕೆ 3,000 ಕಿ.ಮೀ.ಗಿಂತ ಕಡಿಮೆ ಓಡಿಸುವವರಲ್ಲಿ ಮಾತ್ರ. ನಮ್ಮ ಯಜಮಾನರ ಮೀಟರ್ ನೋಡಿದೆ. ಹಿಂದಿನ ವರ್ಷ ಓಡಿಸಿದ್ದು 2,400 ಕಿ.ಮೀ. ಅಂದರೆ ಅಪಾಯ ಇದ್ದರೂ ಅದು ವಯಸ್ಸಿನದೋ, ಕಡಿಮೆ ಓಡಿಸುವುದರದೋ ಅಂತ ಆ ಲೆಕ್ಕ ಹೇಳುವುದಿಲ್ಲ. ಹಾಗಾಗಿ ಅಪ್ಪ-ಮಗ ಇಬ್ಬರಿಗೂ ಹೇಳಿದೆ: ವಯಸ್ಸಿನ ಪಟ್ಟಿ ಆ ಕಡೆ ಇಡಿ, ಗಾಡಿ ತೆಗೀರಿ.

ಮೊದಲ ದಿನ ಅವರದೇ ಕಾರು, ಅವರಿಗೆ ಗೊತ್ತಿದ್ದ ದಾರಿ, ಬೆಳಗ್ಗೆ ಹತ್ತು ಗಂಟೆ. ನಲವತ್ತು ನಿಮಿಷ. ಗೇರ್ ಬದಲಾಯಿಸಿದ್ದು ಗೊತ್ತೇ ಆಗಲಿಲ್ಲ, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಮುಂದಿನ ಗಾಡಿಯಿಂದ ಅಂತರ ಚೆನ್ನಾಗಿ ಬಿಟ್ಟರು. ವೇಗ ಎಲ್ಲೂ ಮೀರಲಿಲ್ಲ. ನನ್ನ ಹಾಳೆಯಲ್ಲಿ ಎರಡೇ ಗುರುತು ಬಿದ್ದವು. ಲೇನ್ ಬದಲಾಯಿಸುವಾಗ ತಲೆ ತಿರುಗಿಸಲಿಲ್ಲ, ಕನ್ನಡಿ ಮಾತ್ರ ನೋಡಿದರು. ಮನೆ ಗೇಟಿನೊಳಗೆ ತಿರುಗಿಸುವಾಗ ಕಾರು ಕಂಬಕ್ಕೆ ಬೆರಳಗಲ ಅಂತರದಲ್ಲಿ ಹೋಯಿತು. ಇಳಿದು ಕಂಬ ನೋಡಿದೆ. ಅದರ ಅಂಚು ಗೀರುಗಳ ಎತ್ತರಕ್ಕೇ ಇತ್ತು. ಕಂಬದ ಮೇಲೆ ಕಾರಿನ ಬಣ್ಣವೂ ಇತ್ತು!

ಕುತ್ತಿಗೆ ಎಡಕ್ಕೆ ಎಷ್ಟು ತಿರುಗುತ್ತದೆ ತೋರಿಸಿ ಅಂದೆ. ಗಲ್ಲ ಅರ್ಧ ದಾರಿಯಲ್ಲೇ ನಿಂತಿತು. ಇಷ್ಟೇ ವಿಷಯ. ಸೀಟು ಸ್ವಲ್ಪ ಎತ್ತರಿಸಿ, ಕನ್ನಡಿ ಹೊರಗೆ ಸರಿಸಿ, ಅದರ ಮೂಲೆಗೆ ಒಂದು ಸಣ್ಣ ಉಬ್ಬುಗನ್ನಡಿ ಅಂಟಿಸಿದರೆ ಗೀರಿನ ಕತೆ ಮುಗಿಯಿತು. ಮಗನ ಮುಖ ಇಳಿಯಿತು. ಅವನು ಸಾಕ್ಷಿ ಅಂತ ತಂದದ್ದು ಸಾಕ್ಷಿಯೇ ಆಗಿರಲಿಲ್ಲ.

ಅವತ್ತೇ ನಿಲ್ಲಿಸಿದ್ದರೆ ಯಜಮಾನರು ಪಾಸು. ಬಹಳ ದೇಶಗಳ ಬಹಳ ಪರೀಕ್ಷೆಗಳಲ್ಲಿ ಪಾಸಾಗುತ್ತಿದ್ದರು.

ಎರಡನೇ ದಿನ ನನ್ನ ಕಲಿಕೆ ಗಾಡಿ. ಅದರಲ್ಲಿ ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇದೆ. ಮೊದಲು ಅರ್ಧ ಗಂಟೆ ಖಾಲಿ ರಸ್ತೆಯಲ್ಲಿ ಓಡಿಸಿ ಕೈಗೆ ಹದ ಮಾಡಿಕೊಳ್ಳಿ ಅಂದೆ, ಆಮೇಲೆ ಅವರು ಹೋಗದ ಬಡಾವಣೆಗೆ ಕರೆದೊಯ್ದೆ. ಅಲ್ಲಿ ಸಿಗ್ನಲ್ ಇಲ್ಲದ ಒಂದು ಜಂಕ್ಷನ್ನಿನಲ್ಲಿ ಬಲಕ್ಕೆ ತಿರುಗಬೇಕಿತ್ತು. ಎದುರಿನಿಂದ ಗಾಡಿಗಳು ಬರುತ್ತಲೇ ಇದ್ದವು. ಸರಿಯಾಗಿ ನಿಂತರು. ಬಲ ನೋಡಿದರು, ಎದುರು ನೋಡಿದರು, ಎಡ ನೋಡಿದರು. ಒಂದು ಬಸ್ಸು ನಿಧಾನ ಮಾಡಿ ದಾರಿ ಬಿಟ್ಟಿತು. ಹಿಂದಿನಿಂದ ಯಾರೋ ಹಾರ್ನ್ ಒತ್ತಿಹಿಡಿದರು. ಯಜಮಾನರು ಕ್ಲಚ್ ಬಿಟ್ಟರು. ಬಸ್ಸಿನ ಮಗ್ಗುಲಿಂದ ಒಂದು ಸ್ಕೂಟರ್ ಬರುತ್ತಿತ್ತು. ಬಸ್ಸಿನ ಮರೆಯಲ್ಲಿ ಅಲ್ಲ, ಆಗಲೇ ಪಕ್ಕಕ್ಕೆ ಬಂದಾಗಿತ್ತು. ನನಗೆ ಚೆನ್ನಾಗಿ ಕಾಣುತ್ತಿತ್ತು. ಅವರ ಕಣ್ಣೂ ಅದೇ ದಿಕ್ಕಿನಲ್ಲಿತ್ತು.

ಬ್ರೇಕ್ ನಾನು ಹಾಕಿದೆ. ಸ್ಕೂಟರಿನವಳು ತಿರುಗಿಯೂ ನೋಡದೆ ಹೋದಳು. ಅವಳಿಗೆ ಏನೂ ಗೊತ್ತಾಗಲಿಲ್ಲ.

ಬದಿಗೆ ನಿಲ್ಲಿಸಿದೆವು. ಯಜಮಾನರು ಸ್ವಲ್ಪ ಹೊತ್ತು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡೇ ಕೂತರು. ಆಮೇಲೆ, "ಆ ಕಡೇನೇ ನೋಡ್ತಿದ್ದೆನಲ್ಲಪ್ಪ" ಅಂದರು. ಅದು ಸುಳ್ಳಲ್ಲ. ನೋಡಿದ್ದರು, ಕಂಡಿರಲಿಲ್ಲ.

ಇದಕ್ಕೆ ಕಣ್ಣಿನ ಪಟ್ಟಿಯ ಅಕ್ಷರ ಓದಿಸಿದರೆ ಸಿಗುವ ಉತ್ತರ ಇಲ್ಲ. ಅವರು ಕನ್ನಡಕ ಹಾಕಿಕೊಂಡು ಕೆಳಗಿನ ಸಾಲನ್ನು ಓದಬಲ್ಲರು. ಇಲ್ಲಿ ಸೋತದ್ದು ಗಮನ. ಒಂದು ನೋಟಕ್ಕೆ, ತಲೆ ತಿರುಗಿಸದೆ, ಎಷ್ಟು ಅಗಲದೊಳಗಿನ ವಿಷಯ ಮನಸ್ಸಿಗೆ ದಕ್ಕುತ್ತದೆ ಅನ್ನುವುದನ್ನು ಸಂಶೋಧಕರು ಬೇರೆಯಾಗಿಯೇ ಅಳೆಯುತ್ತಾರೆ. ವಯಸ್ಸಾದಂತೆ ಆ ಅಗಲ ಕುಗ್ಗುತ್ತದೆ, ಅದರಲ್ಲೂ ಎರಡು ಕೆಲಸ ಒಟ್ಟಿಗೆ ಬಂದಾಗ. ಬಸ್ಸು ದೊಡ್ಡದು, ಹಾರ್ನ್ ಜೋರು, ಎರಡೂ ಸೇರಿ ಗಮನವನ್ನೆಲ್ಲ ನುಂಗಿಬಿಟ್ಟವು, ಸ್ಕೂಟರಿಗೆ ಏನೂ ಉಳಿಯಲಿಲ್ಲ. ಹಿರಿಯರ ಅಪಘಾತಗಳ ಜಾತಿಯೂ ಇದನ್ನೇ ಹೇಳುತ್ತದೆ. ಅತಿವೇಗ, ಕುಡಿತ, ನಡುರಾತ್ರಿ ಇವೆಲ್ಲ ಹುಡುಗರ ಖಾತೆ. ಹಿರಿಯರದು ಜಂಕ್ಷನ್, ದಾರಿ ಬಿಡಬೇಕಾದ ಜಾಗ, ಎದುರು ಸಾಲನ್ನು ದಾಟಿ ತಿರುಗುವ ಜಾಗ. ಎಡಗಡೆ ಓಡಿಸುವ ದೇಶಗಳಲ್ಲಿ ಅದು ಬಲ ತಿರುವು, ಬಲಗಡೆ ಓಡಿಸುವ ದೇಶಗಳಲ್ಲಿ ಎಡ ತಿರುವು. ಕಷ್ಟ ಒಂದೇ.

ಒಂದು ಅನುಮಾನ ನನಗೇ ಇತ್ತು. ಹೊಸ ಗಾಡಿ, ಹೊಸ ಬಡಾವಣೆ, ಪಕ್ಕದಲ್ಲಿ ಹಾಳೆ ಹಿಡಿದ ಒಬ್ಬ. ಯಾರಿಗಾದರೂ ತಡವರಿಸುತ್ತದೆ. ಅದಕ್ಕೇ ಮೂರನೇ ಸಲ ಅದೇ ಜಂಕ್ಷನ್ನಿಗೆ ಅವರ ಕಾರಿನಲ್ಲೇ ಹೋದೆವು, ಹಿಂದಿನ ಸೀಟಿನಲ್ಲಿ ಅಮ್ಮನವರನ್ನೂ ಕೂರಿಸಿಕೊಂಡು. ಆರು ಸಲ ಬಲಕ್ಕೆ ತಿರುಗಿದರು. ಆರೂ ಸಲ ಸರಿ. ಆದರೆ ಕಿವಿಗೊಟ್ಟು ಕೇಳಿದೆ. ಅಮ್ಮನವರು ಹಿಂದಿನಿಂದ ಮೆತ್ತಗೆ ಹೇಳುತ್ತಲೇ ಇದ್ದರು: "ಬೈಕ್ ಬರ್ತಿದೆ... ತಡೀರಿ... ಹ್ಞಾಂ, ಈಗ." ನನ್ನ ಜೊತೆ ಮಾತಾಡುವಾಗ ಒಂದೇ ಮಾತಿನಲ್ಲಿ ಉತ್ತರಿಸುತ್ತಿದ್ದ ಹೆಂಗಸು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. "ಎರಡು ವರ್ಷ ಆಗಿರಬೇಕು" ಅಂದರು. ಯಜಮಾನರು ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದರು. ಇದು ಅವರಿಗೂ ಹೊಸ ಸುದ್ದಿ ಅಂತ ಕಾಣುತ್ತದೆ. ಎರಡು ವರ್ಷದಿಂದ ಆ ಕಾರಿಗೆ ಇಬ್ಬರು ಡ್ರೈವರು.

ಮುಸ್ಸಂಜೆಯ ಸವಾರಿ ಹತ್ತೇ ನಿಮಿಷಕ್ಕೆ ನಿಂತಿತು. ಎದುರು ಲೈಟು ಬಿದ್ದ ಕೂಡಲೇ ಕಣ್ಣು ಕಿರಿದು ಮಾಡಿ ವೇಗ ಅರ್ಧಕ್ಕೆ ಇಳಿಸುತ್ತಿದ್ದರು. ಅರವತ್ತರವರ ಕಣ್ಣಿನ ಹಿಂಪರದೆಗೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಪೊರೆ ಬೆಳೆದಿದ್ದರೆ ಅದೂ ಚದುರುತ್ತದೆ. ಕಣ್ಣಿನ ವೈದ್ಯರ ಹತ್ತಿರ ಕಳಿಸಿದೆ. ಎರಡೂ ಕಣ್ಣಿನಲ್ಲಿ ಪೊರೆ ಇತ್ತು. ಇದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಪೊರೆ ಆಪರೇಷನ್ ಮಾಡಿಸಿಕೊಂಡ ಹಿರಿಯ ಚಾಲಕರ ಅಪಘಾತದ ಪ್ರಮಾಣ, ಪೊರೆ ಇದ್ದೂ ಮಾಡಿಸಿಕೊಳ್ಳದವರ ಸುಮಾರು ಅರ್ಧದಷ್ಟಿತ್ತು ಅಂತ ಅಮೆರಿಕದ ಒಂದು ಅಧ್ಯಯನ 2002ರಲ್ಲಿ ವರದಿ ಮಾಡಿದೆ. ಮಾತಿನ ನಡುವೆ ಇನ್ನೊಂದೂ ಹೊರಬಿತ್ತು. ಮೂಗು ಸೋರುತ್ತದೆ ಅಂತ ದಿನಾ ರಾತ್ರಿ ಅಲರ್ಜಿ ಮಾತ್ರೆ ನುಂಗುತ್ತಿದ್ದರು, ಹಳೆಯ ನಮೂನೆಯ, ಮಂಪರು ತರಿಸುವಂಥದ್ದು. ಅದರ ಅಮಲು ಮರುದಿನ ಬೆಳಗ್ಗೆಯೂ ಉಳಿದಿರಬಹುದು. ವೈದ್ಯರು ಬದಲಾಯಿಸಿ ಕೊಟ್ಟರು. ನಾಲ್ಕು ವರ್ಷದಿಂದ ಯಾರೂ ಕೇಳಿರಲಿಲ್ಲ.

ಇಷ್ಟಾದ ಮೇಲೆ ಮಗ ಕೇಳಿದ: "ಹಾಗಾದರೆ ಎಪ್ಪತ್ತಾದವರಿಗೆಲ್ಲ ಮತ್ತೆ ಟೆಸ್ಟ್ ಮಾಡಬೇಕು ಅಲ್ವಾ?" ನನ್ನ ಉತ್ತರ ಅವನಿಗೆ ಹಿಡಿಸಲಿಲ್ಲ.

ಸುಮ್ನೆ ಒಂದು ಲೆಕ್ಕ ಮಾಡಿ. ಸಾವಿರ ಹಿರಿಯ ಚಾಲಕರಲ್ಲಿ ನಿಜವಾಗಿ ಅಪಾಯ ಇರುವವರು ಐವತ್ತು ಅಂತಿಟ್ಟುಕೊಳ್ಳೋಣ. ನಮ್ಮ ಪರೀಕ್ಷೆ ನೂರಕ್ಕೆ ಎಂಬತ್ತು ಸಲ ಸರಿ ಹೇಳುತ್ತದೆ ಅಂತಲೂ ಇರಲಿ. ಆ ಐವತ್ತರಲ್ಲಿ ನಲವತ್ತು ಜನ ಸಿಕ್ಕಿಬೀಳುತ್ತಾರೆ, ಒಳ್ಳೆಯದು. ಉಳಿದ 950 ಜನ ಚೆನ್ನಾಗಿ ಓಡಿಸುವವರಲ್ಲೂ ನೂರಕ್ಕೆ ಇಪ್ಪತ್ತರಂತೆ 190 ಜನ ಫೇಲು. ಒಟ್ಟು ಫೇಲಾದ 230ರಲ್ಲಿ ನಿಜವಾದವರು ನಲವತ್ತೇ. ಉಳಿದವರ ಕೀಲಿ ಸುಮ್ನೆ ಕಿತ್ತುಕೊಂಡ ಹಾಗೆ. ಇನ್ನು ಆ ಐವತ್ತರಲ್ಲಿ ಸಿಕ್ಕಿಬೀಳದ ಹತ್ತು ಜನ ಪಾಸಾಗಿ, ಕಾಗದ ತೋರಿಸಿಕೊಂಡು ಇನ್ನೂ ಧೈರ್ಯವಾಗಿ ಓಡಿಸುತ್ತಾರೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಡೆನ್ಮಾರ್ಕ್ 2006ರಲ್ಲಿ ಹಿರಿಯ ಚಾಲಕರಿಗೆ ಜ್ಞಾಪಕ, ಗಮನದ ಪರೀಕ್ಷೆ ಸೇರಿಸಿತು. ಮುಂಚಿನ-ಆಮೇಲಿನ ಅಂಕಿ ಹೋಲಿಸಿದಾಗ ಹಿರಿಯ ಚಾಲಕರ ಸಾವಿನಲ್ಲಿ ಇಳಿಕೆ ಕಾಣಲಿಲ್ಲ. ನಡೆದುಹೋಗುವ, ಸೈಕಲ್ ತುಳಿಯುವ ಹಿರಿಯರ ಸಾವು ಏರಿತ್ತು. ಕಾರು ಬಿಟ್ಟವರು ಮನೆಯಲ್ಲಿ ಕೂರುವುದಿಲ್ಲ ನೋಡಿ, ಅದೇ ರಸ್ತೆಗೆ ಕಾಲ್ನಡಿಗೆಯಲ್ಲಿ ಇಳಿಯುತ್ತಾರೆ, ಮೈಮೇಲೆ ತಗಡಿನ ಕವಚವೂ ಇಲ್ಲದೆ. 2017ರಲ್ಲಿ ಡೆನ್ಮಾರ್ಕ್ ವಯಸ್ಸಿನ ಕಾರಣಕ್ಕೆ ಕೇಳುತ್ತಿದ್ದ ವೈದ್ಯಕೀಯ ಪ್ರಮಾಣಪತ್ರವನ್ನೇ ಕೈಬಿಟ್ಟಿತು. ಅದಕ್ಕೂ ಹಿಂದೆ, 1996ರಲ್ಲಿ, 70ರಿಂದ ವೈದ್ಯಕೀಯ ತಪಾಸಣೆ ಕೇಳುತ್ತಿದ್ದ ಫಿನ್ಲೆಂಡನ್ನೂ ಏನೂ ಕೇಳದ ಸ್ವೀಡನ್ನನ್ನೂ ಹೋಲಿಸಿದವರಿಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಇದೇ ಚಿತ್ರ.

ಹಾಗಂತ ಏನೂ ಬೇಡ ಅನ್ನುವವನೂ ನಾನಲ್ಲ. ಜಂಕ್ಷನ್ನಿನಲ್ಲಿ ನನ್ನ ಕಾಲು ಬ್ರೇಕಿನ ಮೇಲೆ ಇರದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ. 2019ರ ಏಪ್ರಿಲ್‌ನಲ್ಲಿ ಟೋಕಿಯೋದ ಇಕೆಬುಕುರೊದಲ್ಲಿ 87 ವರ್ಷದವರೊಬ್ಬರು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಮೂರು ವರ್ಷದ ಮಗಳು ಸತ್ತರು. 2021ರಲ್ಲಿ ಕೋರ್ಟು ಐದು ವರ್ಷ ಶಿಕ್ಷೆ ಕೊಟ್ಟಿತು. ಜಪಾನಿನಲ್ಲಿ 75 ದಾಟಿದವರಿಗೆ ನವೀಕರಣಕ್ಕೆ ಜ್ಞಾಪಕಶಕ್ತಿಯ ಪರೀಕ್ಷೆ ಆಗಲೇ ಇತ್ತು. 2022ರ ಮೇ ತಿಂಗಳಿಂದ ಅವರು ಇನ್ನೊಂದು ಸೇರಿಸಿದರು: 75 ದಾಟಿದವರು ಕೆಲವು ಬಗೆಯ ನಿಯಮ ಉಲ್ಲಂಘನೆ ಮಾಡಿದ್ದರೆ ನವೀಕರಣಕ್ಕೆ ಮುಂಚೆ ಗಾಡಿ ಓಡಿಸಿ ತೋರಿಸಬೇಕು. ಅಂದರೆ ಓಡಿಸುವ ಪರೀಕ್ಷೆಗೆ ಕರೆಯುವುದು ವಯಸ್ಸು ಒಂದೇ ಅಲ್ಲ, ವಯಸ್ಸು ಮತ್ತು ಒಂದು ತಪ್ಪು ಸೇರಿದಾಗ. ಇದು ನನಗೆ ಸರಿ ಅನ್ನಿಸುತ್ತದೆ. ಅಮೆರಿಕದಲ್ಲಿ ವಯಸ್ಸು ನೋಡಿ ರಸ್ತೆ ಪರೀಕ್ಷೆಗೆ ಕರೆಯುತ್ತಿದ್ದ ರಾಜ್ಯ ಇಲಿನಾಯ್ ಒಂದೇ. ಅದು 2025ರಲ್ಲಿ ಕಾನೂನು ತಿದ್ದಿ, 79 ಇದ್ದ ಮಿತಿಯನ್ನು 2026ರ ಜುಲೈನಿಂದ 87ಕ್ಕೆ ಏರಿಸಿತು, ಜೊತೆಗೆ ಮನೆಯವರೇ ತಮ್ಮ ಆತಂಕ ತಿಳಿಸಲು ದಾರಿ ಮಾಡಿಕೊಟ್ಟಿತು. ಭಾರತದಲ್ಲಿ 2019ರ ತಿದ್ದುಪಡಿಯ ಪ್ರಕಾರ 55 ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ. ವೈದ್ಯರ ಪ್ರಮಾಣಪತ್ರ ಸಾಕು, ಸಮಯಕ್ಕೆ ಸರಿಯಾಗಿ ಹೋದವರನ್ನು ಓಡಿಸಿ ತೋರಿಸಿ ಅನ್ನುವುದಿಲ್ಲ. ನಮ್ಮ ಯಜಮಾನರ ಕುತ್ತಿಗೆ, ಮಾತ್ರೆ, ಜಂಕ್ಷನ್ ಯಾವುದೂ ಆ ಹಾಳೆಯಲ್ಲಿ ಸಿಗುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪದ್ಧತಿಯ ಒಂದು ತುಂಡು. ಅಲ್ಲಿ 75ರಿಂದ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, 85ರಿಂದ ಎರಡು ವರ್ಷಕ್ಕೊಮ್ಮೆ ರಸ್ತೆ ಪರೀಕ್ಷೆ. ಆ ವಯಸ್ಸುಗಳ ಮೇಲೆ ನನಗೇನೂ ಮೋಹ ಇಲ್ಲ. ಪಕ್ಕದ ವಿಕ್ಟೋರಿಯಾ ವಯಸ್ಸಿನ ಮೇಲೆ ಪರೀಕ್ಷೆ ಇಡದೆಯೂ ಕೆಟ್ಟಿಲ್ಲ. ಆದರೆ ನ್ಯೂ ಸೌತ್ ವೇಲ್ಸ್‌ನಲ್ಲಿ 85 ದಾಟಿದವರು ಪೂರ್ತಿ ಲೈಸೆನ್ಸ್ ಬದಲು ಮಿತಿ ಹಾಕಿದ ಲೈಸೆನ್ಸ್ ತಗೊಳ್ಳಬಹುದು, ಮನೆಯ ಸುತ್ತಮುತ್ತ ಇಷ್ಟು ದೂರ ಅಂತ. ಪಾಸು-ಫೇಲುಗಳ ನಡುವೆ ಒಂದು ಮೆಟ್ಟಿಲು. ನಾನು ಬೇಕು ಅನ್ನುವುದು ಅದನ್ನೇ. "ಓಡಿಸಬಹುದಾ" ಅನ್ನುವ ಪ್ರಶ್ನೆಗೆ ಹೌದು-ಇಲ್ಲ ಅಂತ ಉತ್ತರ ಕೊಡಲು ಹೋದರೆ ಕೊಡುವವನೂ ಸುಳ್ಳು ಹೇಳಬೇಕಾಗುತ್ತದೆ. ಎಲ್ಲಿ, ಯಾವಾಗ, ಯಾರ ಜೊತೆ ಅಂತ ಕೇಳಿದರೆ ಉತ್ತರ ಇದೆ.

ನಡುವೆ ಒಂದು ತಮಾಷೆಯೂ ಆಯಿತು. "ಅವನನ್ನೂ ಕೂರಿಸಿ ನೋಡಪ್ಪ" ಅಂದರು ಯಜಮಾನರು. ಮಗನಿಗೆ 44. ಅದೇ ದಾರಿ, ಅದೇ ಹಾಳೆ. ಮೂರು ಕಡೆ ವೇಗ ಮಿತಿ ಮೀರಿದ, ಒಂದು ಸಲ ಫೋನಿನ ಪರದೆ ನೋಡಿದ, ಎರಡು ಸಲ ಇಂಡಿಕೇಟರ್ ಹಾಕಲಿಲ್ಲ. ಗುರುತುಗಳ ಲೆಕ್ಕದಲ್ಲಿ ಅಪ್ಪನಿಗಿಂತ ಜಾಸ್ತಿ. ಯಜಮಾನರಿಗೆ ಖುಷಿಯೋ ಖುಷಿ. ಆದರೆ ಜಂಕ್ಷನ್ನಿನಲ್ಲಿ ಎರಡು ಬೈಕು, ಒಬ್ಬ ಕಾಲ್ನಡಿಗೆಯವ, ಹಿಂದಿನ ಹಾರ್ನು ಎಲ್ಲವನ್ನೂ ಒಂದೇ ನೋಟಕ್ಕೆ ಹಿಡಿದು, ಕಾದು, ತಿರುಗಿದ. ಮಗನದು ಕೆಟ್ಟ ಚಾಳಿ, ನಾಳೆಯೇ ಬಿಡಬಹುದು. ಅಪ್ಪನದು ಚಾಳಿಯಲ್ಲ. ಇದನ್ನು ಇಬ್ಬರಿಗೂ ಹೇಳಿದೆ. ಖುಷಿ ಅಲ್ಲಿಗೆ ಸ್ವಲ್ಪ ತಣ್ಣಗಾಯಿತು.

ನಾನು ಬರೆದುಕೊಟ್ಟದ್ದು ಒಂದು ಪುಟ. ಕಣ್ಣಿನ ಆಪರೇಷನ್ ಆಗುವ ತನಕ ಕತ್ತಲಲ್ಲಿ ಓಡಿಸುವುದು ಬೇಡ. ಸಿಗ್ನಲ್ ಇಲ್ಲದ ಕಡೆ ಬಲ ತಿರುವು ಬೇಡ, ಮುಂದಿನ ಸಿಗ್ನಲ್ ತನಕ ಹೋಗಿ, ಇಲ್ಲವೇ ಎಡಕ್ಕೆ ಮೂರು ಸಲ ತಿರುಗಿ ಅಲ್ಲಿಗೇ ಬನ್ನಿ. ಮೂರು ಎಡ ಸೇರಿದರೆ ಒಂದು ಬಲ, ಎರಡು ನಿಮಿಷ ತಡ ಅಷ್ಟೇ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೊಸ ದಾರಿಗೆ ಹೋಗುವುದು ಬೇಡ. ಆರು ತಿಂಗಳಿಗೆ ಮತ್ತೆ ನೋಡೋಣ. ಮಗ ಇದನ್ನು ಮೆತ್ತಗಿನ ತೀರ್ಪು ಅಂದ. ಮಗಳು ಅಪ್ಪನಿಗೆ ಅವಮಾನ ಅಂದಳು. ಹಾಗಾಗಿ ಹೆಚ್ಚುಕಡಿಮೆ ಸರಿಯಾಗಿಯೇ ಇರಬೇಕು ಅಂದುಕೊಂಡೆ.

ಆರು ತಿಂಗಳ ಮೇಲೆ ಸಂಜೆಯ ಸವಾರಿ ಪೂರ್ತಿ ಮುಗಿಯಿತು. ಪೊರೆ ತೆಗೆದ ಕಣ್ಣಿಗೆ ಎದುರು ಲೈಟು ಈಗ ಬರೀ ಲೈಟು. ಮಾತ್ರೆ ಬದಲಾದ ಮೇಲೆ ಬೆಳಗಿನ ಹೊತ್ತು ಚುರುಕಾಗಿದ್ದರು. ಆಮೇಲೆ ಅದೇ ಜಂಕ್ಷನ್, ಕಲಿಕೆ ಗಾಡಿ, ಅಮ್ಮನವರಿಲ್ಲ. ಐದು ಸಲ ತಿರುಗಿಸಿದೆ. ನಾಲ್ಕು ಸಲ ಸರಿಯಾಗಿತ್ತು. ಅದರಲ್ಲಿ ಒಂದು ಸಲ ಹಿಂದಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ಯಜಮಾನರು ಅಲುಗಾಡದೆ ಕೂತಿದ್ದರು, ಕಿವುಡರ ಹಾಗೆ. ಐದನೇ ಸಲ ಬಲಗಡೆಯಿಂದ ಬಂದ ಸೈಕಲ್ಲು ತಡವಾಗಿ ಕಂಡಿತು. ಬ್ರೇಕ್ ಅವರೇ ಹಾಕಿದರು, ಆದರೆ ನನ್ನ ಕಾಲೂ ಪೆಡಲ್ ಮೇಲೆ ಹೋಗಿತ್ತು.

ಕತ್ತಲ ನಿಷೇಧ ತೆಗೆದೆ. ಬಲ ತಿರುವಿನ ನಿಷೇಧ ಹಾಗೇ ಉಳಿಸಿದೆ. ಅದು ತಿರುಗಿ ಬರುವ ಶಕ್ತಿ ಅಲ್ಲ ಅಂತ ಅವರಿಗೂ ಗೊತ್ತಾಗಿತ್ತು.

ಅವತ್ತು ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಮಗ ಕೇಳಿದ, "ಪೂರ್ತಿ ನಿಲ್ಲಿಸೋದು ಯಾವಾಗ? ಅದನ್ನಾದರೂ ಬರೀರಿ." ನ್ಯಾಯವಾದ ಪ್ರಶ್ನೆ. ಇಂಥ ವಿಷಯ ತಲೆ ಬಿಸಿಯಾದ ದಿನ ತೀರ್ಮಾನ ಮಾಡುವಂಥದ್ದಲ್ಲ, ತಣ್ಣಗಿರುವಾಗಲೇ ಬರೆದಿಡಬೇಕು. ಒಂದು ಹಾಳೆ ತೆಗೆದೆ. ಒಂದನೆಯದು: ಪೆಡಲ್ ತಪ್ಪಿ ತುಳಿದ ದಿನ, ಏನೂ ಆಗದಿದ್ದರೂ ಸರಿ. ಎರಡನೆಯದು: ಅಮ್ಮನವರು ಇನ್ನು ನಾನು ಈ ಕಾರು ಹತ್ತುವುದಿಲ್ಲ ಅಂದ ದಿನ. ಅಮ್ಮನವರು ತಲೆಯಾಡಿಸಿದರು.

ಮೂರನೆಯದು ಏನು ಅಂತ ನಾನು ಯೋಚಿಸುತ್ತಿದ್ದೆ. ಯಜಮಾನರು ಪೆನ್ನು ತಗೊಂಡರು. ಅಕ್ಷರ ಸ್ವಲ್ಪ ನಡುಗುತ್ತಿತ್ತು, ಆದರೆ ಸಾಲು ನೇರ. "ಗೊತ್ತಿರೋ ದಾರಿ ಗೊತ್ತಾಗದ ದಿನ" ಅಂತ ಬರೆದು, ಕೆಳಗೆ ರುಜು ಹಾಕಿ, ಹಾಳೆಯನ್ನು ಮಗನ ಕಡೆ ತಳ್ಳಿದರು.